ಒಂದು ಕ್ವಾರ್ಟರ್ಸು, ಇಬ್ಬರು ಗಂಡಸರು, ತೊಂಬತ್ತೈದು ಸೆಂಟ್ ಮಳೆ

ಆ ಅಮೆರಿಕದ ಸೀರಿಯಲ್ಲಿನ ಹೆಸರು ಹೇಳುವುದಕ್ಕೂ ನನಗೆ ಇಷ್ಟವಿಲ್ಲ. ಹಳೇ ಕಾಲದ್ದಂತೆ, ಬಹಳ ಪ್ರಸಿದ್ಧವಂತೆ. ಇರಲಿ. ಹೆಂಡತಿಯರಿಂದ ದೂರವಾದ ಇಬ್ಬರು ಗಂಡಸರು ದೊಡ್ಡ ಪಟ್ಟಣವೊಂದರಲ್ಲಿ ಒಂದೇ ಮನೆ ಹಂಚಿಕೊಂಡಿರುತ್ತಾರೆ. ಒಬ್ಬ ಅಚ್ಚುಕಟ್ಟಿನವನು, ಇನ್ನೊಬ್ಬ ಗಲೀಜಿನವನು. ಇಷ್ಟೇ ಕಥೆ. ಗಲೀಜಿನವನು ಎಸೆಯುತ್ತಾನೆ, ಅಚ್ಚುಕಟ್ಟಿನವನು ಎತ್ತಿಡುತ್ತಾನೆ. ಎಸೆದಾಗ ಕಾಣದ ಒಂದಿಷ್ಟು ಜನ ನಗುತ್ತಾರೆ, ಎತ್ತಿಟ್ಟಾಗ ಇನ್ನೂ ಜೋರಾಗಿ ನಗುತ್ತಾರೆ. ಈ ನಗುವವರು ಯಾರು, ಎಲ್ಲಿ ಕೂತಿದ್ದಾರೆ, ಅವರಿಗೆ ಮನೆಯಲ್ಲಿ ಕೆಲಸವಿಲ್ಲವೇ ಎನ್ನುವುದು ಕೊನೆಯವರೆಗೂ ಗೊತ್ತಾಗುವುದಿಲ್ಲ.

ಎತ್ತಿಡುವವನನ್ನು ಕಂಡು ಯಾಕೆ ನಗಬೇಕು? ಇದು ನನ್ನ ಪ್ರಶ್ನೆ. ಮನೆ ಮನೆಯಾಗಿರಲಿ ಎಂದು ಒಬ್ಬ ಬೆನ್ನು ಬಗ್ಗಿಸಿದರೆ ಅದರಲ್ಲಿ ತಮಾಷೆ ಏನಿದೆ? ಅರ್ಧ ಗಂಟೆಯಲ್ಲಿ ಜಗಳವಾಗಿ, ಅರ್ಧ ಗಂಟೆಯಲ್ಲೇ ಸರಿಹೋಗುವ ಆ ಮನೆಯಲ್ಲಿ ಯಾರಿಗೂ ಏನೂ ನಷ್ಟವಾಗುವುದಿಲ್ಲ. ಆ ಮನೆಯೊಳಗೆ ಒಂದು ಹನಿ ಮಳೆ ಬಂದದ್ದನ್ನು ನಾನು ನೋಡಲಿಲ್ಲ. ನಮ್ಮ ಮಲೆನಾಡಿನ ಹೆತ್ತೂರು ಕಡೆ ಒಂದು ಜೂನ್ ತಿಂಗಳನ್ನು ಅವರಿಬ್ಬರೂ ಒಂದೇ ಮನೆಯಲ್ಲಿ ಕಳೆಯಲಿ, ಆಮೇಲೆ ಯಾರು ನಗುತ್ತಾರೋ ನೋಡುತ್ತೇನೆ.

ನನಗೆ ಈ ಸೀರಿಯಲ್ಲನ್ನು ಅಂಟಿಸಿದವನು ನನ್ನ ಕ್ವಾರ್ಟರ್ಸಿನಲ್ಲೇ ಇದ್ದ. ನಾನು ಹೆತ್ತೂರಿನಿಂದ ಒಳಗಿರುವ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಎಂದರೆ ಬೆಳಿಗ್ಗೆ ಆಳುಗಳ ಹಾಜರಿ ಕರೆಯುವವನು, ತೋಟದ ಯಾವ ಬ್ಲಾಕಿಗೆ ಯಾರು ಎಂದು ಹಂಚುವವನು, ಸಂಜೆ ಆದ ಕೆಲಸ ನೋಡಿ ಬರೆಯುವವನು. ಸ್ವಂತ ಮನೆ ಪಾಳ್ಯದ ಹತ್ತಿರ. ಅಲ್ಲಿ ಒಂದಿಷ್ಟು ಗದ್ದೆ, ಹೆಂಡತಿ, ಓದುವ ಮಗಳು. ಶನಿವಾರ ಸಂಜೆ ಬಸ್ಸು ಹತ್ತಿ ಹೋಗಿ ಸೋಮವಾರ ಬೆಳಿಗ್ಗೆ ಮರಳುವುದು. ಉಳಿದ ದಿನ ಎಸ್ಟೇಟಿನ ಕ್ವಾರ್ಟರ್ಸೇ ಮನೆ. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಬಚ್ಚಲು, ಕೆಂಪು ಗಾರೆಯ ನೆಲ. ಆ ನೆಲವನ್ನು ನಾನು ದಿನಾ ಒರೆಸುತ್ತಿದ್ದೆ. ಹದಿನೈದು ವರ್ಷ ಒಬ್ಬನೇ ಇದ್ದೆ, ಸುಖವಾಗಿದ್ದೆ.

ಎರಡು ವರ್ಷದ ಹಿಂದೆ ಎಸ್ಟೇಟಿನ ಮಾಲೀಕರಾದ ಸಾವ್ಕಾರ್ರು ಒಂದು ಬೆಳಿಗ್ಗೆ ಜೀಪಿನಲ್ಲಿ ಒಬ್ಬನನ್ನು ಕೂರಿಸಿಕೊಂಡು ಬಂದು ನನ್ನ ಬಾಗಿಲಿಗೆ ಇಳಿಸಿದರು. ಪಂಪು, ಮೋಟಾರು, ಕಾಫಿ ಹಣ್ಣು ಸುಲಿಯುವ ಪಲ್ಪರ್ ನೋಡಿಕೊಳ್ಳುವ ಮೆಕ್ಯಾನಿಕ್. ನನಗಿಂತ ಹತ್ತು ವರ್ಷ ಚಿಕ್ಕವನು. ಮೊದಲು ಎಡಕುಮೇರಿಯಲ್ಲಿ ರೈಲ್ವೆ ಕಂಟ್ರಾಕ್ಟರೊಬ್ಬರ ಹತ್ತಿರ ಕೆಲಸ ಮಾಡಿದವನು. ಅಲ್ಲಿ ಕಾಡಿನ ನಡುವೆ ಫೋನಿಗೆ ಸಿಗ್ನಲ್ ಇಲ್ಲ, ರಸ್ತೆ ಇಲ್ಲ, ರೈಲು ಬಿಟ್ಟರೆ ಬರಲು ಹೋಗಲು ದಾರಿಯಿಲ್ಲ. ಯಾರೋ ಇಂಜಿನಿಯರ್ ಬಿಟ್ಟುಹೋದ ಪೆನ್ ಡ್ರೈವಿನಲ್ಲಿ ಈ ಒಂದು ಸೀರಿಯಲ್ ಇತ್ತಂತೆ. ಎರಡು ಮಳೆಗಾಲ ಅದನ್ನೇ ನೋಡಿದ್ದಾನೆ. ಕೆಳಗೆ ಬರುವ ಅಕ್ಷರ ಓದಿ ಓದಿ ಇಂಗ್ಲಿಷ್ ಕಲಿತೆ ಎಂದು ಹೇಳಿಕೊಳ್ಳುತ್ತಿದ್ದ. ಅವನ ಹೆಂಡತಿ ತವರಿಗೆ ಹೋದವಳು ವಾಪಸ್ಸು ಬಂದಿರಲಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ. ಒಂದು ವಾರ ಕಳೆಯುವಷ್ಟರಲ್ಲಿ ಕೇಳುವ ಅಗತ್ಯವೂ ಉಳಿಯಲಿಲ್ಲ.

ನಾನು ಕಾಫಿ ಕುಡಿಯುವ ಲೋಟದಲ್ಲಿ ಬೋಲ್ಟು ನೆನೆಹಾಕುತ್ತಿದ್ದ. ಉಪ್ಪಿನ ಡಬ್ಬಿಯ ಮೇಲೆ ಗ್ರೀಸಿನ ಐದು ಬೆರಳು. ಹಲಸಿನ ಬೀಜ ಸುಟ್ಟು ತಿಂದು ಸಿಪ್ಪೆಯನ್ನು ಕಿಟಕಿಯ ದಂಡೆ ಮೇಲೆ ಸಾಲಾಗಿ ಇಡುತ್ತಿದ್ದ, ಎಸೆಯುವುದಕ್ಕೆ ಕಿಟಕಿ ಅಲ್ಲೇ ತೆರೆದಿದ್ದರೂ. ಒದ್ದೆ ಕಾಲುಚೀಲವನ್ನು ಹಾಲಿನ ಪಾತ್ರೆ ಮುಚ್ಚಿದ ತಟ್ಟೆಯ ಮೇಲೆ ಹರವಿ, "ಬೆಚ್ಚಗೈತೆ ರೈಟ್ರೆ, ಬೇಗ ಒಣಗ್ತದೆ" ಎಂದಿದ್ದ. ನಾನು ಆ ಹಾಲನ್ನು ಹೊರಗೆ ಚೆಲ್ಲಿದೆ. ಅವನು ಪಾಪ ಹಾಲು ಎಂದು ಮರುಗಿದ. ಇಷ್ಟಾದರೂ ಹಳ್ಳದ ಪಕ್ಕದ ಶೆಡ್ಡಿನಲ್ಲಿದ್ದ ಅವನ ಮೋಟಾರಿನ ಮೇಲೆ ಒಂದು ಕಲೆ ಇರುತ್ತಿರಲಿಲ್ಲ. ಅದನ್ನು ಕಂಡಾಗ ನನಗೆ ಇನ್ನೂ ಹೆಚ್ಚು ಸಿಟ್ಟು ಬರುತ್ತಿತ್ತು. ಚೊಕ್ಕಟ ಮಾಡಲು ಬರದೇ ಇದ್ದವನಲ್ಲ ಅವನು, ಬಂದರೂ ಮಾಡದವನು.

ಸಂಜೆ ಕರೆಂಟ್ ಇದ್ದರೆ ಟೀವಿಗೆ ಆ ಪೆನ್ ಡ್ರೈವ್ ಚುಚ್ಚುತ್ತಿದ್ದ. ನಾನು ಪೊರಕೆ ಹಿಡಿದು ಅವನ ಕಾಲಡಿ ಗುಡಿಸುವ ಹೊತ್ತಿಗೆ ಸರಿಯಾಗಿ ಟೀವಿಯೊಳಗಿನವರು ಹೋ ಎಂದು ನಗುತ್ತಿದ್ದರು.

"ನೋಡಿ ರೈಟ್ರೆ, ಅವ್ನೂ ಗುಡಿಸ್ತಾವ್ನೆ. ನಿಮ್ದೇ ಮುಖ ಕಣ್ರೀ ಅವ್ನಿಗೆ."

"ನಿನ್ ಮುಖ ಯಾರಿಗೈತೆ ಅಂತ ನೋಡ್ಕೋ ಮೊದ್ಲು," ಎಂದೆ.

"ನಂದಾ? ಅಗೋ, ಸೋಫಾದ್ ಮೇಲೆ ಮಲಗವ್ನಲ್ಲ," ಎಂದು ಖುಷಿಯಿಂದ ತೋರಿಸಿದ. ನಾಚಿಕೆ ಎನ್ನುವುದು ಅವನ ಹತ್ತಿರ ಸುಳಿಯುತ್ತಿರಲಿಲ್ಲ. ಆಳುಗಳ ಲೈನುಮನೆಯ ಹೆಂಗಸರಿಗೂ ಈ ಕಥೆ ಹೇಳಿಬಿಟ್ಟಿದ್ದ. ನಾನು ಹಾಜರಿ ಕರೆಯುವಾಗ ಅವರು ಸೆರಗು ಬಾಯಿಗಿಟ್ಟುಕೊಳ್ಳುತ್ತಿದ್ದರು. ಶನಿವಾರ ಮನೆಗೆ ಹೋಗಿ ಹೆಂಡತಿಗೆ ದೂರಿದರೆ ಅವಳು, "ಸದ್ಯ, ನನ್ ಕಷ್ಟ ಇನ್ನೊಬ್ರಿಗೂ ಗೊತ್ತಾಯ್ತು" ಎಂದಳು. ನನ್ನ ಪರ ಯಾರೂ ಇರಲಿಲ್ಲ.

ಇಲ್ಲಿ ಮಳೆ ಅಳೆಯುವ ವಿಚಾರ ಹೇಳಬೇಕು. ನಮ್ಮ ಕಡೆ ಬೆಳಿಗ್ಗೆ ಫೋನ್ ಮಾಡಿದವರು ಮೊದಲು ಕೇಳುವುದು ಆರೋಗ್ಯವನ್ನಲ್ಲ, ಎಷ್ಟು ಸೆಂಟ್ ಬಂತು ಎಂದು. ನೂರು ಸೆಂಟಿಗೆ ಒಂದು ಇಂಚು. ಕ್ವಾರ್ಟರ್ಸಿನ ಮುಂದಿನ ಬಯಲಿನಲ್ಲಿ, ಮರದ ನೆರಳಿಗೂ ಸೂರಿನ ನೀರಿಗೂ ಸಿಗದಂತೆ, ನಮ್ಮ ರೇನ್ ಗೇಜ್ ಇದೆ. ತಗಡಿನ ಒಂದು ಉರುಟು ಡಬ್ಬ, ಮೇಲೆ ಆಲಿಕೆ, ಒಳಗೆ ಬಾಟಲಿ. ಸುತ್ತ ದನ ಮುಟ್ಟದಂತೆ ನಾಲ್ಕು ಗೂಟ, ತಂತಿ. ಬೆಳಿಗ್ಗೆ ಎಂಟಕ್ಕೆ ಬಾಟಲಿಯ ನೀರನ್ನು ಅಳತೆಯ ಗಾಜಿಗೆ ಸುರಿದು, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು, ಗೆರೆ ನೋಡಿ ಪುಸ್ತಕಕ್ಕೆ ಬರೆಯಬೇಕು. ಹದಿನೇಳು ವರ್ಷದಲ್ಲಿ ನಾನು ಎಸ್ಟೇಟಿನಲ್ಲಿದ್ದ ಒಂದು ದಿನವೂ ಅದು ತಪ್ಪಿಲ್ಲ. ಜ್ವರವಿದ್ದಾಗಲೂ ಛತ್ರಿ ಹಿಡಿದು ಹೋಗಿ ನೋಡಿದ್ದೇನೆ. ಎಂಟೂಕಾಲಿಗೆ ಸಕಲೇಶಪುರದ ಮನೆಯಿಂದ ಸಾವ್ಕಾರ್ರ ಫೋನ್ ಬರುತ್ತಿತ್ತು. ಅಕ್ಕಪಕ್ಕದ ತೋಟದವರೂ ತಮ್ಮ ಲೆಕ್ಕದ ಮೇಲೆ ಅನುಮಾನ ಬಂದರೆ ನನಗೇ ಫೋನ್ ಮಾಡುತ್ತಿದ್ದರು. ನನಗೆ ಈ ಜಗತ್ತಿನಲ್ಲಿ ಹೆಮ್ಮೆ ಎನ್ನುವುದು ಒಂದಿದ್ದರೆ ಅದು ಆ ಗಾಜಿನದು.

ಜಡಿಮಳೆಯಲ್ಲಿ ಎರಡು ಸೆಂಟ್ ಹೆಚ್ಚುಕಮ್ಮಿಯಾದರೆ ಏನೂ ಆಗುವುದಿಲ್ಲ. ಮಾರ್ಚಿನ ಹೂಮಳೆಯಲ್ಲಿ ಹಾಗಲ್ಲ. ರೊಬಸ್ಟಾ ಕಾಫಿ ಗಿಡದಲ್ಲಿ ಮೊಗ್ಗು ಕಾದು ನಿಂತಿರುತ್ತದೆ. ಒಂದು ಇಂಚಿನ ಹತ್ತಿರ ಮಳೆ ಬಿದ್ದರೆ ಎಂಟು ಒಂಬತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಅರಳುತ್ತದೆ. ಅರ್ಧ ಇಂಚು ಬಿದ್ದರೆ ಮಿಕ್ಕ ನೀರನ್ನು ಕೂಡಲೇ ಹಳ್ಳದಿಂದ ಪಂಪು ಹೊಡೆದು ಸ್ಪ್ರಿಂಕ್ಲರಿನಲ್ಲಿ ಕೊಡಬೇಕು. ಕೊಡದಿದ್ದರೆ ಮೊಗ್ಗು ಅರ್ಧ ಬಿರಿದು ಅಲ್ಲೇ ಕಮರುತ್ತದೆ, ಆ ವರ್ಷದ ಫಸಲು ಹೋದಂತೆ. ಆದ್ದರಿಂದ ಹೂಮಳೆಯ ಬೆಳಿಗ್ಗೆ ರೈಟರ್ ಹೇಳುವ ಒಂದು ಅಂಕಿಯ ಮೇಲೆ ಪಂಪು ಓಡಬೇಕೋ ಬೇಡವೋ ಎನ್ನುವುದು ತೀರ್ಮಾನವಾಗುತ್ತದೆ.

ಹೋದ ಮಾರ್ಚಿನ ಮೊದಲ ವಾರ ನಾನು ಅವನಿಗೆ ಎರಡು ಕಟ್ಟಪ್ಪಣೆ ಮಾಡಿದೆ. ಹಿಂದಿನ ಇಡೀ ಮಳೆಗಾಲ ಅವನು ಮಳೆಗೆ ಹೊದೆಯುವ ಕಂಬಳಿ ಒಳಗೆ ಮೊಳೆಗೆ ನೇತಾಡಿ, ಗಾರೆ ನೆಲದ ಮೇಲೆ ಕೆರೆ ಕಟ್ಟಿಸಿ, ಕುರಿಯ ವಾಸನೆಯನ್ನು ನನ್ನ ಇಸ್ತ್ರಿ ಅಂಗಿಗೆ ಹತ್ತಿಸಿತ್ತು. ಈ ವರ್ಷ ಹಾಗಾಗಬಾರದು ಎಂದು, ಒಂದು, ಒದ್ದೆಯಾದದ್ದು ಯಾವುದೂ ಹೊಸ್ತಿಲು ದಾಟುವಂತಿಲ್ಲ ಎಂದೆ. ಎರಡು, ಸೂರಿನಡಿಯ ಹಗ್ಗ ನನ್ನದು, ಅದರ ಮೇಲೆ ನಿನ್ನ ಬಟ್ಟೆ ಬೀಳಬಾರದು ಎಂದೆ. ಅವನು "ಆಯ್ತು ಬುಡಿ ರೈಟ್ರೆ" ಎಂದು ಟೀವಿ ಕಡೆ ತಿರುಗಿದ. ಯಾವ ಮಾತನ್ನೂ ಕೇಳದವನು ಇದನ್ನೂ ಕೇಳುವುದಿಲ್ಲ ಎಂದುಕೊಂಡೆ.

ನಾಲ್ಕು ದಿನ ಕಳೆದ ಮೇಲೆ, ಸಂಜೆ ಆರರ ಹೊತ್ತಿಗೆ, ಗುಡುಗಿ ಮಳೆ ಬಂತು. ಏಳು ಗಂಟೆಗೆ ನಿಂತಿತು. ಕರೆಂಟ್ ಹೋಯಿತು. ನಾನು ಬೇಗ ಅಡುಗೆ ಮುಗಿಸಿ ಮಲಗಿದೆ. ಹಂಚಿನ ಮೇಲಿನ ಸದ್ದು ಕೇಳಿ ಐವತ್ತು ಸೆಂಟ್ ಇರಬಹುದು ಎಂದು ಮನಸ್ಸಿನಲ್ಲೇ ಅಂದಾಜು ಮಾಡಿದ್ದೆ. ಬೆಳಿಗ್ಗೆ ಎಂಟಕ್ಕೆ ಗಾಜಿನಲ್ಲಿ ನೋಡಿದರೆ ತೊಂಬತ್ತೈದು. ಎರಡು ಸಲ ನೋಡಿದೆ. ತೊಂಬತ್ತೈದೇ. ಕಿವಿ ಸುಳ್ಳು ಹೇಳಬಹುದು, ಗಾಜು ಹೇಳುವುದಿಲ್ಲ ಎಂದು ಎಲ್ಲರಿಗೂ ಪಾಠ ಹೇಳುತ್ತಿದ್ದವನು ನಾನೇ. ಹಾಗೇ ಬರೆದೆ. ಸಾವ್ಕಾರ್ರಿಗೆ ಹಾಗೇ ಹೇಳಿದೆ.

"ಒಳ್ಳೇದಾಯ್ತು ಕಣಯ್ಯ. ಹಂಗಾರೆ ಪಂಪ್ ಬ್ಯಾಡ ಬಿಡು," ಎಂದರು.

ಪಕ್ಕದ ತೋಟದಲ್ಲಿ ನಲವತ್ತೇಳು ಎಂದು ಆಮೇಲೆ ತಿಳಿಯಿತು. ಗುಡ್ಡದ ಈಚೆಗೆ ಬಂದ ಮಳೆ ಆಚೆಗೆ ಬರದಿರುವುದು ಇಲ್ಲಿ ಹೊಸದಲ್ಲ. ನಮಗೆ ಅದೃಷ್ಟ ಎಂದುಕೊಂಡೆ. ಅವರು ಹಗಲು ರಾತ್ರಿ ಸ್ಪ್ರಿಂಕ್ಲರ್ ಓಡಿಸಿದರು. ನಮ್ಮ ಮೆಕ್ಯಾನಿಕ್ ಕಾಲು ಚಾಚಿ ಸೀರಿಯಲ್ ನೋಡಿದ.

ಒಂಬತ್ತನೇ ದಿನ ಅವರ ಗುಡ್ಡ ಬೆಳ್ಳಗಾಯಿತು, ಗಾಳಿ ಬೀಸಿದರೆ ಹೂವಿನ ವಾಸನೆ ನಮ್ಮ ಕಡೆಗೂ ಬಂತು. ನಮ್ಮ ಹಳ್ಳದ ಬ್ಲಾಕಿನಲ್ಲಿ ಗಿಡದ ತುದಿಯಲ್ಲಿ ನಾಲ್ಕು, ಬುಡದಲ್ಲಿ ಎರಡು ಹೂವು. ಮಿಕ್ಕ ಮೊಗ್ಗು ಕೆಂಪು ತಿರುಗಿ ಮುರುಟಿಕೊಂಡಿತ್ತು. ನಾನು ಒಂದೊಂದೇ ಕೊಂಬೆ ಎತ್ತಿ ನೋಡುತ್ತ ಸಾಲಿನ ಕೊನೆಯವರೆಗೂ ನಡೆದೆ.

ಸಾವ್ಕಾರ್ರು ಮಾರನೇ ದಿನ ಹಾಜರಿಯ ಹೊತ್ತಿಗೇ ಬಂದರು. ತೋಟ ನೋಡಿ ಬಂದು, ಮಳೆ ಪುಸ್ತಕ ತರಿಸಿ, ಅಕ್ಕಪಕ್ಕದ ಮೂರು ತೋಟದ ಅಂಕಿಯನ್ನು ಓದಿ ಹೇಳಿದರು. ನಲವತ್ತೆರಡು, ನಲವತ್ತೇಳು, ಐವತ್ತು. ಆಮೇಲೆ ನನ್ನ ಕಡೆ ನೋಡಿದರು.

"ನಮ್ದೊಂದೇ ತೋಟಕ್ಕೆ ತೊಂಬತ್ತೈದಾ? ಹಾಸ್ಗೇಲಿ ಮಲಕ್ಕಂಡೇ ಮಳೆ ಅಳ್ದಿದೀಯ ಕಣಯ್ಯ ನೀನು."

"ಇಲ್ಲ ಸಾವ್ಕಾರ್ರೆ. ಎರಡು ಸಲ ನೋಡಿ ಬರ್ದಿದೀನಿ."

"ಇಲ್ಲಾಂದ್ರೆ ಇಬ್ರೂ ಒಂದೇ ಮನೇಲಿದೀರಲ್ಲ, ಮಾತಾಡ್ಕಂಡಿರ್ತೀರ. ಅವ್ನಿಗೆ ಪಂಪ್ ಓಡ್ಸೋ ಕೆಲ್ಸ ತಪ್ತು, ನಿಂಗೇನ್ ಕೊಟ್ಟ?"

ಐವತ್ತು ಅರವತ್ತು ಜನ ಆಳುಗಳ ಎದುರು ಈ ಮಾತು. ಮೈಯೆಲ್ಲ ಉರಿಯಿತು. ಬಚ್ಚಲ ಬಕೆಟ್ಟು ಎಲ್ಲಿರಬೇಕು ಎನ್ನುವುದಕ್ಕೇ ಎರಡು ವರ್ಷದಿಂದ ಒಪ್ಪಂದವಾಗದ ನಾವಿಬ್ಬರು ಒಂದು ಸುಳ್ಳಿಗೆ ಒಪ್ಪಂದ ಮಾಡಿಕೊಂಡೆವಂತೆ! ನನ್ನ ಮಾತಿಗೆ ಸಾಕ್ಷಿ ಎಂದರೆ ಆ ಪುಸ್ತಕ ಒಂದೇ, ಅದು ಅವರ ಕೈಯಲ್ಲೇ ಇತ್ತು, ಅವರು ಅದನ್ನೇ ನಂಬುತ್ತಿರಲಿಲ್ಲ. ಹೋಗುವಾಗ ಹೇಳಿದರು, ನಾಳೆಯಿಂದ ಫೋನಿಗೆ ಕಾಯಬೇಡ, ಪಕ್ಕದವರನ್ನು ಕೇಳಿಕೊಳ್ಳುತ್ತೇನೆ, ತಾನೇ ಅಳೆದು ಫೋನಿಗೆ ಕಳಿಸುವ ಮಷೀನ್ ಬಂದಿದೆ, ಅದನ್ನೇ ಹಾಕಿಸುತ್ತೇನೆ ಎಂದು.

ಮರುದಿನ ಎಂಟೂಕಾಲಿಗೆ ಫೋನನ್ನು ಎದುರಿಗಿಟ್ಟುಕೊಂಡು ಕೂತಿದ್ದೆ. ಮಳೆ ಇರಲಿಲ್ಲ, ಹೇಳಲು ಸೊನ್ನೆಯಷ್ಟೇ ಇತ್ತು. ಆದರೂ ಕೂತಿದ್ದೆ. ಫೋನ್ ಬರಲಿಲ್ಲ.

ತಪ್ಪು ಎಲ್ಲಾಯಿತು ಎಂದು ಹುಡುಕಿದೆ. ಬಾಟಲಿ ಒಡೆದಿದೆಯೇ, ಆಲಿಕೆ ಓರೆಯಾಗಿದೆಯೇ ನೋಡಿದೆ. ಗಾಜನ್ನು ಪಕ್ಕದ ತೋಟಕ್ಕೆ ಒಯ್ದು ಅವರ ಗಾಜಿನ ಜೊತೆ ಹೋಲಿಸಿದೆ. ಕೂದಲೆಳೆಯ ವ್ಯತ್ಯಾಸವಿಲ್ಲ. ಕಡೆಗೆ ನನ್ನ ಕಣ್ಣಿನ ಮೇಲೇ ಅನುಮಾನ ಬಂದು ಸಕಲೇಶಪುರಕ್ಕೆ ಹೋಗಿ ಡಾಕ್ಟರಿಗೆ ತೋರಿಸಿಕೊಂಡೆ. ಕಣ್ಣು ಚೆನ್ನಾಗಿದೆ ಎಂದರು. ಚೆನ್ನಾಗಿದೆ ಎಂದು ಕೇಳಿ ಅಷ್ಟು ಬೇಜಾರಾದದ್ದು ಅದೇ ಮೊದಲು.

ಎರಡನೇ ಮಳೆ ಹದಿನೇಳು ದಿನಕ್ಕೆ ಬಂತು. ಈ ಸಲ ಬೇಗ ಬಂದು, ಬೇಗ ನಿಂತು, ಆರು ಗಂಟೆಗೆ ಇನ್ನೂ ಬೆಳಕಿತ್ತು. ಗೇಜಿನ ಹತ್ತಿರ ಎಲ್ಲಾ ಸರಿಯಿದೆಯೇ ಎಂದು ನೋಡಲು ಹೋದೆ. ಬಯಲಿಗೆ ತಿರುಗುವಲ್ಲೇ ನಿಂತುಬಿಟ್ಟೆ. ಗೇಜಿನ ಗೂಟದಿಂದ ಗೂಟಕ್ಕೆ ಹರವಿಕೊಂಡು, ನಡುವೆ ಜೋತುಬಿದ್ದು, ಒಂದು ಕರಿ ಕಂಬಳಿ. ಜೋತುಬಿದ್ದ ಕಡೆಯಿಂದ ನೀರು ಟಪ್ ಟಪ್ ಎಂದು ಆಲಿಕೆಯೊಳಕ್ಕೇ ಬೀಳುತ್ತಿತ್ತು. ಪಕ್ಕದಲ್ಲಿ ನಮ್ಮ ಮೆಕ್ಯಾನಿಕ್ ತಲೆ ಒರೆಸಿಕೊಳ್ಳುತ್ತಿದ್ದ.

"ಏನೋ ಇದು?"

"ಕಂಬ್ಳಿ ರೈಟ್ರೆ."

"ಕಂಬ್ಳಿ ಅಂತ ನಂಗೂ ಕಾಣ್ತೈತೆ. ಇಲ್ಯಾಕೆ ಹಾಕ್ದೆ?"

"ಇನ್ನೆಲ್ಲಿಗಾಕ್ಲಿ? ಒದ್ದೇದು ಒಳಿಕೆ ತರ್ಬ್ಯಾಡ ಅಂದ್ರಿ. ಹಗ್ಗ ಮುಟ್ಬ್ಯಾಡ ಅಂದ್ರಿ. ಅದ್ಕೇಯ ಹೋದ್ ಮಳೇಗೂ ಇಲ್ಲೇ ಹಾಕಿದ್ದೆ. ಶೆಡ್ ಸೋರ್ತಿತ್ತು, ಮೋಟಾರ್ ಮ್ಯಾಲೆ ಹೊದ್ಸಿದ್ದೆ, ನೀರ್ ಕುಡಿದು ಒಳ್ಳೇ ಭಾರ ಆಗ್ಬುಟ್ಟಿತ್ತು. ಬೆಳಿಗ್ಗೆ ಐದೂವರೆಗೇ ತಗಂಡೋದೆ." ಆಮೇಲೆ ನನ್ನ ಮುಖ ನೋಡಿ, ಸ್ವಲ್ಪ ಅಳುಕಿನಿಂದ, "ನೀವ್ ಹೇಳಿದ್ದು ಒಂದ್ ಮಾತಾದ್ರೂ ಕೇಳಿವ್ನಿ ಅಂತ ಖುಷಿ ಪಡ್ತೀರ ಅನ್ಕಂಡಿದ್ದೆ," ಎಂದ.

ಹದಿನೇಳು ವರ್ಷದ ನನ್ನ ಮಾತಿನ ಮೇಲೆ ಒಂದು ಕುರಿ ಕಂಬಳಿ ನೀರು ಹಿಂಡಿಬಿಟ್ಟಿತ್ತು. ಏನೇನು ಬೈದೆನೋ ಈಗ ಬರೆಯುವಂತಿಲ್ಲ. ಅವನ ಅಪ್ಪನಿಂದ ಶುರುಮಾಡಿ ಎಡಕುಮೇರಿಯ ಕಂಟ್ರಾಕ್ಟರ್, ಪೆನ್ ಡ್ರೈವಿನ ಇಂಜಿನಿಯರ್, ಅಮೆರಿಕದವರು ಎಲ್ಲರಿಗೂ ಆಯಿತು. ಅವನು ಕಂಬಳಿ ತೆಗೆದು ಹೆಗಲಿಗೆ ಹಾಕಿಕೊಂಡು ನಿಂತಿದ್ದ. ಒದ್ದೆ ಕಂಬಳಿ ಹೊತ್ತು ಎಲ್ಲಿಗೆ ಹೋಗಬೇಕು ಎಂದು ಅವನಿಗೆ ತಿಳಿಯುತ್ತಿರಲಿಲ್ಲ ಎನ್ನುವುದು ನನಗೆ ಆಮೇಲೆ ಹೊಳೆಯಿತು.

ಮಳೆಯಿಲ್ಲದ ಒಂದು ದಿನ ಖಾತ್ರಿ ಮಾಡಿಕೊಂಡೆ. ಕಂಬಳಿಯನ್ನು ಬಕೆಟ್ಟಿನಲ್ಲಿ ಅದ್ದಿ, ಅದೇ ಗೂಟದ ಮೇಲೆ ಹಾಗೇ ಹಾಕಿಸಿ, ಖಾಲಿ ಬಾಟಲಿ ಇಟ್ಟು, ಬೆಳಿಗ್ಗೆ ನೋಡಿದೆ. ನಲವತ್ತಾರು ಸೆಂಟ್ ಕಂಬಳಿ ಮಳೆ. ಗಾಜಿನಲ್ಲಿ ಆ ಗೆರೆ ಕಂಡಾಗ ನನ್ನ ಕಣ್ಣಲ್ಲಿ ನೀರು ಬಂತು. ಸಂತೋಷಕ್ಕೋ ಸಿಟ್ಟಿಗೋ, ಎರಡಕ್ಕೂ ಇರಬೇಕು.

"ನಂದೇ ತಪ್ಪು ಅಂತ ಹೇಳ್ಬುಡಿ ರೈಟ್ರೆ," ಎಂದ ಅವನು.

ಹೇಳಬಹುದಿತ್ತು. ಹೇಳಿದರೆ ಅವನ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು, ನನ್ನ ಹೆಸರು ಉಳಿಯುತ್ತಿತ್ತು, ಕ್ವಾರ್ಟರ್ಸೂ ನನ್ನೊಬ್ಬನದಾಗುತ್ತಿತ್ತು. ಎರಡು ವರ್ಷದಿಂದ ನಾನು ಬೇಡಿಕೊಂಡದ್ದೆಲ್ಲ ಒಂದೇ ಮಾತಿನಲ್ಲಿ ಸಿಗುತ್ತಿತ್ತು. ಆದರೆ ಕಂಬಳಿ ಅಲ್ಲಿಗೆ ಹೋದದ್ದು ಯಾಕೆ? ಒಳಗೆ ಬೇಡ ಎಂದವನು ನಾನು. ಹಗ್ಗ ನನ್ನದು ಎಂದವನು ನಾನು. ಹಗ್ಗದಲ್ಲಿ ಅವತ್ತು ನನ್ನ ಎರಡು ಅಂಗಿ ಇದ್ದವು, ಮಿಕ್ಕ ಜಾಗ ಖಾಲಿ ಇತ್ತು. ಅದನ್ನು ಸೇರಿಸಿ ಹೇಳಿದರೆ ನಗೆಪಾಟಲು, ಬಿಟ್ಟು ಹೇಳಿದರೆ ಸುಳ್ಳು. ಗೆರೆಗೆ ಗೆರೆ ಸರಿಯಾಗಿ ಓದುವವನು ಎಂದು ಎದೆ ತಟ್ಟಿಕೊಂಡವನು ಅರ್ಧ ಓದಿ ಹೇಳುವುದು ಹೇಗೆ? ಮೂರು ದಿನ ಅನ್ನ ರುಚಿಸಲಿಲ್ಲ. ಅವನು ಆ ಮೂರು ದಿನ ಟೀವಿ ಹಚ್ಚಲಿಲ್ಲ, ಲೋಟ ತೊಳೆದಿಟ್ಟ, ಸರಿಯಾಗಿ ಅಲ್ಲ, ಆದರೂ ತೊಳೆದಿಟ್ಟ. ಅದೂ ನನಗೆ ಸಿಟ್ಟು ತರಿಸಿತು.

ನಾಲ್ಕನೇ ದಿನ ಸಾವ್ಕಾರ್ರು ಹೊಸ ಮಷೀನಿನ ಡಬ್ಬ ಜೀಪಿನಲ್ಲಿ ಹಾಕಿಕೊಂಡು ಬಂದರು. ಹಾಜರಿ ನಡೆಯುತ್ತಿತ್ತು. ಎಲ್ಲರೆದುರು ಆಡಿದ ಮಾತಿಗೆ ಎಲ್ಲರೆದುರೇ ಉತ್ತರ ಎಂದು, ನಾನು ಮೊದಲಿಂದ ಹೇಳಿದೆ. ಹೊಸ್ತಿಲಿನ ಕಟ್ಟಪ್ಪಣೆ, ಹಗ್ಗ, ಕಂಬಳಿ, ನಲವತ್ತಾರು ಸೆಂಟ್, ಒಂದನ್ನೂ ಬಿಡದೆ.

ಸಾವ್ಕಾರ್ರು ನಕ್ಕರು. ಮೊದಲು ಮೀಸೆಯಲ್ಲಿ, ಆಮೇಲೆ ಹೊಟ್ಟೆ ಹಿಡಿದುಕೊಂಡು. "ಕಂಬ್ಳಿ ಮಳೆ! ಲೋ, ಕ್ಲಬ್ಬಲ್ಲಿ ಹೇಳ್ಬೇಕು ಕಣಯ್ಯ ಇದನ್ನ!" ಜೀಪಿನ ಡ್ರೈವರ್ ನಕ್ಕ. ಆಳುಗಳು ನಕ್ಕರು, ಹೆಂಗಸರು ಸೆರಗು ಬಿಟ್ಟೇ ನಕ್ಕರು. ಟೀವಿಯೊಳಗೆ ಕಾಣದೆ ಕೂತು ನಗುತ್ತಿದ್ದವರು ಯಾರು ಎಂದು ನನಗೆ ಅವತ್ತು ಗೊತ್ತಾಯಿತು. ಒಂದು ಬ್ಲಾಕಿನ ಹೂವು ಹೋಗಿದೆ, ಒಬ್ಬನ ಮಾನ ಹೋಗಿದೆ, ಇವರಿಗೆ ನಗು. ನಾನು ಕೈಯಲ್ಲಿ ಮಳೆ ಪುಸ್ತಕ ಹಿಡಿದು ನಿಂತಿದ್ದೆ.

ನಗದೇ ಇದ್ದವನು ಒಬ್ಬನೇ. ಗುಂಪಿನ ಹಿಂದಿನಿಂದ ಮುಂದೆ ಬಂದ. ಕೈಯೆಲ್ಲ ಗ್ರೀಸು, ಅಂಗಿಯ ಗುಂಡಿ ಎಂದಿನಂತೆ ಮೇಲೆಕೆಳಗೆ.

"ಸಾವ್ಕಾರ್ರೆ, ಹಾಸ್ಗೇಲಿ ಮಲಕ್ಕಂಡು ಅಳ್ದ ಅಂದಿದ್ರಿ ನೀವು. ಆ ಮಾತು ವಾಪಸ್ ತಗಳಿ."

ನಗು ನಿಂತಿತು. ಸಾವ್ಕಾರ್ರು, "ಏನೋ ನಿಂದು? ತಮಾಷೆಗಂದಿದ್ದು ಅದು," ಎಂದರು.

"ಅವತ್ತು ತಮಾಷೆಗಂದಿರ್ಲಿಲ್ಲ. ಇವತ್ತು ತಮಾಷೆ ಆಯ್ತು. ರೈಟ್ರು ಜ್ವರದಾಗೂ ಎದ್ದೋಗಿ ನೋಡೋರು, ನಾನ್ ಕಣ್ಣಾರೆ ಕಂಡಿವ್ನಿ. ನನ್ ಕೆಲ್ಸ ತೆಗೀರಿ ಬೇಕಾದ್ರೆ. ಆ ಮಾತು ತಗಳಿ."

ಟೀವಿ ಬಿಟ್ಟು ಬೇರೇನೂ ನೋಡದವನು ಅದನ್ನೆಲ್ಲ ನೋಡಿದ್ದನೇ? ನೋಡಿದ್ದನಂತೆ. ಈ ಪೆದ್ದನಿಗೆ ಯಾರು ಹೇಳಿದರು ಅಡ್ಡ ಬಾಯಿ ಹಾಕಲು ಎಂದು ಕೋಪ ಬಂತು.

ಸಾವ್ಕಾರ್ರು ಅವನ ಕೆಲಸ ತೆಗೆಯಲಿಲ್ಲ. ಅಂಥ ಮೋಟಾರಿನವನು ಸಿಗುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಮಾತನ್ನೂ ವಾಪಸ್ ತೆಗೆದುಕೊಳ್ಳಲಿಲ್ಲ. "ಆಯ್ತು, ಕೆಲ್ಸ ನೋಡ್ಕಳಿ ಹೋಗಿ," ಎಂದು ಮಷೀನಿನ ಡಬ್ಬ ಇಳಿಸಿ, ಎಸ್ಟೇಟ್ ಬಂಗಲೆಯ ಮುಂದೆ ಕಂಬ ನೆಡಿಸಿ ಹೋದರು. ಬಿಳಿ ಕಂಬ, ಮೇಲೆ ಸೋಲಾರ್ ತಟ್ಟೆ. ಯಾರೂ ಓದಬೇಕಿಲ್ಲ, ಯಾರನ್ನೂ ಕೇಳಬೇಕಿಲ್ಲ. ತೋಟದ ಮಾಲೀಕರ ಕ್ಲಬ್ಬಿನಲ್ಲಿ ಕಥೆ ಹಬ್ಬಿ, ಪಕ್ಕದ ತೋಟದ ರೈಟರುಗಳು ಫೋನ್ ಮಾಡಿ ನಕ್ಕರು. ಕ್ಷಮಿಸು ಎನ್ನುವ ಒಂದು ಮಾತು ಯಾರ ಬಾಯಿಂದಲೂ ಬರಲಿಲ್ಲ.

ನಾನು ಎಂಟಕ್ಕೆ ಗೇಜ್ ನೋಡುವುದನ್ನು ಬಿಡಲಿಲ್ಲ. ಯಾರಿಗೆ ಹೇಳಲು? ಯಾರಿಗೂ ಅಲ್ಲ. ಪುಸ್ತಕಕ್ಕೆ. ಪಂಪಿನ ಕಡೆ ಹೊರಡುತ್ತಿದ್ದವನು ಬಾಗಿಲಲ್ಲಿ ನಿಂತು, "ಎಷ್ಟು ರೈಟ್ರೆ ಇವತ್ತು?" ಎಂದು ಕೇಳತೊಡಗಿದ. ಬಿಸಿಲಿದ್ದ ದಿನವೂ ಕೇಳುತ್ತಿದ್ದ. ನಾನು ಸೊನ್ನೆ ಎನ್ನುತ್ತಿದ್ದೆ. ಅವನು ತಲೆಯಾಡಿಸಿ ಹೋಗುತ್ತಿದ್ದ. ಗೇಜಿನ ಗೂಟಗಳನ್ನು ಕಿತ್ತು, ಕಂಬಳಿ ಹಾಗಿರಲಿ, ಕಾಗೆಯೂ ಕೂರದಂಥ ಗಿಡ್ಡ ಗೂಟ ಹಾಕಿಕೊಟ್ಟ. ತಂತಿಯ ತುಂಡುಗಳನ್ನು ಅಲ್ಲೇ ಬಿಟ್ಟು ಹೋಗಿದ್ದ, ನಾನು ಆರಿಸಿದೆ.

ಜೂನಿನ ಮೊದಲ ದೊಡ್ಡ ಮಳೆ ಮಧ್ಯಾಹ್ನ ಹಿಡಿದದ್ದು ಸಂಜೆಗೂ ಬಿಡಲಿಲ್ಲ. ಆರರ ಹೊತ್ತಿಗೆ ಹೊಸ್ತಿಲಿನ ಆಚೆ ಅವನು ಬಂದು ನಿಂತ. ಕಂಬಳಿಯಿಂದ ನೀರು ಸುರಿಯುತ್ತಿತ್ತು. ಒಳಗೆ ಬರಲಿಲ್ಲ. ಹಗ್ಗದ ಕಡೆ ನೋಡಿದ, ಬಯಲಿನ ಕಡೆ ನೋಡಿದ, ನನ್ನ ಕಡೆ ನೋಡಿದ.

"ಒಳಿಕೆ ಬಾರೋ ಮಾರಾಯ! ಎಲ್ಲಿಗಾದ್ರೂ ನೇತಾಕು, ಆ ಕಡೆ ಮಾತ್ರ ನೋಡ್ಬ್ಯಾಡ!" ಎಂದು ಕೂಗಿದೆ.

ಅವನು ಬಂದು ಹಳೇ ಮೊಳೆಗೇ ನೇತುಹಾಕಿದ. ಆಗಷ್ಟೇ ಒರೆಸಿದ್ದ ಗಾರೆ ನೆಲದ ಮೇಲೆ ನೀರು ಹರಿದು ಬಂತು. ನಾನು ನನ್ನ ಇಸ್ತ್ರಿ ಅಂಗಿಗಳನ್ನು ತೆಗೆದು ಟ್ರಂಕಿನೊಳಗಿಟ್ಟೆ, ಕಂಬಳಿಯಡಿ ಬೋಗುಣಿ ಇಟ್ಟೆ, ನೆಲ ಮತ್ತೆ ಒರೆಸಿದೆ. ಕುರಿ ವಾಸನೆ ಮನೆಯೆಲ್ಲ ತುಂಬಿತು. ಅವನು ಬೋಗುಣಿಯನ್ನು ಎಡವಿ ಚೆಲ್ಲಿದ. ಮೂರನೇ ಸಲ ಒರೆಸಿದೆ, ಬೈಯುತ್ತಲೇ ಒರೆಸಿದೆ.

ಬೆಳಿಗ್ಗೆ ಎಂಟಕ್ಕೆ ಛತ್ರಿ ಹಿಡಿದು ಹೋಗಿ ನೋಡಿ ಬರೆದು ಬಂದೆ. ಎಂಟೂಕಾಲಿಗೆ ಫೋನ್ ಬಡಿದುಕೊಂಡಿತು. ಮೂರು ತಿಂಗಳಾದ ಮೇಲೆ ಆ ಹೊತ್ತಿಗೆ ಅದು ಬಡಿದುಕೊಂಡಿದ್ದು ಅವತ್ತೇ. ಸಾವ್ಕಾರ್ರು.

"ಈ ಮಷೀನ್ ಬಾಯಿಗೆ ಎಲೆ ಬಿದ್ದೈತೋ ಏನೋ, ಸೊನ್ನೆ ತೋರಿಸ್ತೈತೆ ಕಣಯ್ಯ. ನಿಂದು ಎಷ್ಟು?"

"ಮೂರು ಇಂಚು ಹದಿನೆಂಟು ಸೆಂಟ್."

"ಸರಿಯಾಗ್ ನೋಡ್ದಾ?" ಎಂದರು.

ಮೆಕ್ಯಾನಿಕ್ ಬಾಗಿಲಲ್ಲಿ ಸ್ಪ್ಯಾನರ್ ಹಿಡಿದು ನಿಂತು ನನ್ನ ಮುಖವನ್ನೇ ನೋಡುತ್ತಿದ್ದ. ಪಕ್ಕದ ಮೊಳೆಯಲ್ಲಿದ್ದ ಕಂಬಳಿಯಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು.

"ಕಂಬ್ಳಿ ಒಳಗೈತೆ ಸಾವ್ಕಾರ್ರೆ," ಎಂದು ಫೋನ್ ಇಟ್ಟೆ.